ನಿಧಿ ಕಂಡವನ ಸಂತೋಷ

ಸ್ವರ್ಗರಾಜ್ಯಕ್ಕಾಗಿ ಸರ್ವಸ್ವವನ್ನೂ ತೊರೆಯಬೇಕೆಂಬ ಕ್ರೈಸ್ತ ಬೋಧೆಯನ್ನು ಹಲವರು ಕಠೋರ ವೈರಾಗ್ಯವೆಂದೇ ಬಗೆಯುತ್ತಾರೆ. ಮತ್ತಾಯನ ಸುವಾರ್ತೆಯ 13ನೆಯ ಅಧ್ಯಾಯದ ಎರಡು ಸಾಮ್ಯಗಳನ್ನು ಓದಿದರೆ ಹಾಗೆನ್ನಿಸದು. ಒಬ್ಬನಿಗೆ ಹೊಲದಲ್ಲಿ ಹೂಳಿಟ್ಟ ನಿಧಿಯು ಅರಸದೆಯೇ ದೊರೆಯಿತು. ಮುತ್ತಿನ ವ್ಯಾಪಾರಿಗೆ ಅರಸಿದ ಮೇಲೆ ಅನರ್ಘ್ಯವಾದೊಂದು ಮುತ್ತು ಸಿಕ್ಕಿತು. ಇಬ್ಬರೂ ತಮಗಿದ್ದುದೆಲ್ಲವನ್ನೂ ಮಾರಿದರು. ನಿಧಿ ಕಂಡವನಂತೂ ಸಂತೋಷದಿಂದಲೇ ಮಾರಹೊರಟನು.

ಅದೇ ಸುವಾರ್ತೆಯ 19ನೆಯ ಅಧ್ಯಾಯದ ಸಿರಿವಂತ ಯುವಕನಾದರೋ, ಆಸ್ತಿಯನ್ನು ಮಾರಿ ಬಡವರಿಗೆ ಕೊಡೆಂದು ಯೇಸು ಹೇಳಿದಾಗ ದುಃಖದಿಂದ ಹೊರಟುಹೋದನು. ತೆರಬೇಕಾದ ಬೆಲೆ ಒಂದೇ. ಆದರೆ ಹೊಲದವನು ಪಡೆಯುವುದನ್ನು ಕಂಡಿದ್ದನು. ಯುವಕನು ಕಳೆದುಕೊಳ್ಳುವುದನ್ನು ಮಾತ್ರ ಕಂಡನು. ಆದುದರಿಂದ ತ್ಯಾಗವನ್ನು ಉಪದೇಶಿಸುವವರು ಮೊದಲು ನಿಧಿಯನ್ನು ತೋರಿಸಬೇಕೆಂಬುದೇ ನನ್ನ ಅಭಿಪ್ರಾಯ. ಅದನ್ನು ಕಂಡವನಿಗೆ ಬಿಡುವುದನ್ನು ಯಾರೂ ಕಲಿಸಬೇಕಾಗಿಲ್ಲ.