ಲಾಭದ ಲೆಕ್ಕಕ್ಕೆ ಸಿಕ್ಕ ಸಮಾನತೆ

ಬ್ಯಾಂಕ್ ಆಫ್ ಇಂಗ್ಲೆಂಡ್ ಹೆಣ್ಣುಮಕ್ಕಳನ್ನು ಗುಮಾಸ್ತೆ ಕೆಲಸಕ್ಕೆ ಸೇರಿಸಿಕೊಂಡದ್ದು 1894ರಲ್ಲಿ. ಮದುವೆಯಾದರೆ ಕೆಲಸ ಬಿಡಬೇಕಿತ್ತು. ಲಂಡನ್ ಷೇರುಪೇಟೆ ಮಹಿಳೆಯರಿಗೆ ಸದಸ್ಯತ್ವ ಕೊಡಲು 1973 ಬರಬೇಕಾಯಿತು. ಅಷ್ಟರಲ್ಲಿ ನಮ್ಮ ಕರಾವಳಿಯ ಸಿಂಡಿಕೇಟ್ ಬ್ಯಾಂಕು ಬೆಂಗಳೂರಿನ ಶೇಷಾದ್ರಿಪುರಂನಲ್ಲಿ ಮಹಿಳೆಯರೇ ನಡೆಸುವ ಶಾಖೆ ತೆರೆದು ದಶಕ ಕಳೆದಿತ್ತೆಂದು ಅಲ್ಲಿನ ಓದುಗರಿಗೆ ನೆನಪಿಸಬೇಕಿಲ್ಲ.

ಬ್ರಿಟನ್ನಿನ ಬ್ಯಾಂಕುಗಳಿಗೆ ಬುದ್ಧಿ ಕಲಿಸಿದ್ದು ನ್ಯಾಯಪ್ರಜ್ಞೆಯಲ್ಲ, ದಿವಾಳಿಯ ಭಯ. ರಾಯಲ್ ಬ್ಯಾಂಕ್ ಆಫ್ ಸ್ಕಾಟ್‌ಲೆಂಡ್ 2008ರ ಸಾಲಿಗೆ 2,400 ಕೋಟಿ ಪೌಂಡ್ ಮೀರಿದ ನಷ್ಟ ತೋರಿಸಿತು. ಅದನ್ನು ಉಳಿಸಿದ್ದು ತೆರಿಗೆದಾರರ ಹಣ. ಒಂದೇ ಬಗೆಯ ಶಾಲೆಗಳಲ್ಲಿ ಓದಿ, ಒಂದೇ ಬಗೆಯಲ್ಲಿ ಯೋಚಿಸುವ ಗಂಡಸರೇ ಮೇಜಿನ ಸುತ್ತ ಕೂತರೆ ಹೀಗಾಗದೆ ಇನ್ನೇನು ಎಂಬ ಮಾತು ಆಗ ಎಲ್ಲೆಡೆ ಕೇಳಿಬಂತು. 2011ರಲ್ಲಿ ಕಂಪನಿಗಳ ಆಡಳಿತ ಮಂಡಳಿಗಳಲ್ಲಿ ಮಹಿಳೆಯರ ಪಾಲಿನ ಕುರಿತ ಡೇವಿಸ್ ವರದಿ ಬಂತು. 2016ರಲ್ಲಿ ವರ್ಜಿನ್ ಮನಿ ಬ್ಯಾಂಕಿನ ಮುಖ್ಯಸ್ಥೆ ಜೇನ್-ಆನ್ ಗಾಡಿಯಾ ಅವರ ವರದಿಯ ಬೆನ್ನಿಗೇ, ಹಣಕಾಸು ಸಂಸ್ಥೆಗಳ ಉನ್ನತ ಹುದ್ದೆಗಳಲ್ಲಿ ಮಹಿಳೆಯರ ಪಾಲು ಹೆಚ್ಚಿಸುವ ಸನ್ನದಿಗೆ ಬ್ರಿಟನ್ನಿನ ಖಜಾನೆ ಸಹಿ ಕೇಳಿತು. 2018ರಲ್ಲಿ ವೇತನದ ಅಂತರವನ್ನು ಕಾನೂನಿನ ಪ್ರಕಾರ ಬಯಲಿಗಿಡಬೇಕಾಗಿ ಬಂದಾಗ, ಎಚ್‌ಎಸ್‌ಬಿಸಿ ಬ್ಯಾಂಕಿನಲ್ಲಿ ಮಹಿಳೆಯರ ಸರಾಸರಿ ಗಂಟೆವೇತನ ಪುರುಷರಿಗಿಂತ ಶೇ 59ರಷ್ಟು ಕಡಿಮೆಯೆಂದು ಗೊತ್ತಾಯಿತು. ಒಂದೇ ಕೆಲಸಕ್ಕೆ ಎರಡು ಸಂಬಳವೆಂದು ಇದರ ಅರ್ಥವಲ್ಲ. ಕೌಂಟರಿನಲ್ಲಿ ಯಾರು, ಮೇಲಿನ ಮಹಡಿಯಲ್ಲಿ ಯಾರು ಎಂಬುದರ ಅಳತೆ ಅದು. ಮರುವರ್ಷ ಅಲಿಸನ್ ರೋಸ್ ಬ್ರಿಟನ್ನಿನ ನಾಲ್ಕು ದೊಡ್ಡ ಬ್ಯಾಂಕುಗಳಲ್ಲೊಂದರ ಚುಕ್ಕಾಣಿ ಹಿಡಿದ ಮೊದಲ ಮಹಿಳೆಯಾದರು.

ಇಷ್ಟೆಲ್ಲ ಗಳಿಕೆಯ ನಡುವೆಯೂ ಅದಕ್ಕೆ ಕೊಟ್ಟ ವಾದದ ಬುಡ ಮಾತ್ರ ಸಡಿಲವಾಗಿತ್ತು. ವೈವಿಧ್ಯವಿದ್ದಲ್ಲಿ ಲಾಭ ಹೆಚ್ಚೆಂದು ಮೆಕಿನ್ಸಿ ಸಲಹಾ ಸಂಸ್ಥೆ 2015ರಿಂದ ಸಾರುತ್ತ ಬಂತು. ಬ್ಯಾಂಕುಗಳ ವಾರ್ಷಿಕ ವರದಿಗಳಿಗೂ ಆ ಮಾತು ಹಿತವಾಗಿತ್ತು. 2024ರಲ್ಲಿ ಗ್ರೀನ್ ಮತ್ತು ಹ್ಯಾಂಡ್ ಎಂಬ ಸಂಶೋಧಕರು ಅಮೆರಿಕದ ದೊಡ್ಡ ಕಂಪನಿಗಳ ಲೆಕ್ಕ ತೆಗೆದು ನೋಡಿದರೆ, ಉನ್ನತ ಅಧಿಕಾರಿಗಳ ಜನಾಂಗೀಯ ವೈವಿಧ್ಯದ ವಿಷಯದಲ್ಲಿ ಆ ನಂಟು ಸಿಗಲಿಲ್ಲ. ವೈವಿಧ್ಯದಿಂದ ನಷ್ಟವೆಂದೇನೂ ಅವರು ತೋರಿಸಿಲ್ಲ. ಆದರೆ ಲಾಭದ ಹೆಸರಿನಲ್ಲಿ ಕೊಟ್ಟ ಜಾಗವನ್ನು ಲಾಭದ ಹೆಸರಿನಲ್ಲೇ ಕಿತ್ತುಕೊಳ್ಳುವುದು ಸುಲಭ. 2023ರಲ್ಲಿ ವೈವಿಧ್ಯದ ಕಡ್ಡಾಯ ನಿಯಮಗಳ ಕರಡು ಹೊರಡಿಸಿದ್ದ ಬ್ರಿಟನ್ನಿನ ಹಣಕಾಸು ನಿಯಂತ್ರಕರು, ಸಂಸ್ಥೆಗಳ ಮೇಲೆ ಹೊರೆ ಬೇಡವೆಂದು 2025ರ ಮಾರ್ಚ್‌ನಲ್ಲಿ ಅದನ್ನು ಕೈಬಿಟ್ಟರು.

ವೇತನದ ಅಂತರ ಪ್ರಕಟಿಸುವ ಕಾನೂನು ಮಾತ್ರ ಇನ್ನೂ ಉಳಿದಿದೆ. ಲಂಡನ್ನಿನ ಕನ್ನಡ ಮನೆಗಳ ಮಕ್ಕಳು ಬ್ಯಾಂಕಿನ ಕೆಲಸಕ್ಕೆ ಅರ್ಜಿ ಹಾಕುವ ಮುನ್ನ, ಆ ಬ್ಯಾಂಕಿನ ಅಂಕಿಯನ್ನು ಸರ್ಕಾರದ ಜಾಲತಾಣದಲ್ಲಿ ಒಮ್ಮೆ ನೋಡಲಿ.