ಕೋಳಿ ಶೆಡ್ಡಿನ ನಷ್ಟ ಯಾರ ಲೆಕ್ಕಕ್ಕೆ?

2020ರ ಮಾರ್ಚ್ ತಿಂಗಳಲ್ಲಿ ಗೋಕಾಕ ತಾಲೂಕಿನಿಂದ ಹೊರಟ ಒಂದು ವೀಡಿಯೊ ದೇಶದಾದ್ಯಂತ ಹರಿದಾಡಿತು. ಕೋಳಿ ಸಾಕಣೆದಾರರೊಬ್ಬರು ತಾವೇ ಸಾಕಿ ಬೆಳೆಸಿದ ಸುಮಾರು 6,000 ಕೋಳಿಗಳನ್ನು ವಾಹನದಲ್ಲಿ ತಂದು, ಗುಂಡಿಗೆ ಸುರಿದು, ಜೀವಂತವಾಗಿಯೇ ಮಣ್ಣು ಮುಚ್ಚಿಸಿದ ದೃಶ್ಯವದು. ಆ ಕೋಳಿಗಳಿಗೆ ಯಾವ ರೋಗವೂ ತಗುಲಿರಲಿಲ್ಲ. ಕೋಳಿ ಮಾಂಸ ತಿಂದರೆ ಕೊರೋನಾ ಬರುತ್ತದೆ ಎಂಬ ವದಂತಿ ಹಬ್ಬಿ ಬೆಲೆ ನೆಲಕಚ್ಚಿತ್ತು. ಕಿಲೋಗೆ 50 ರೂಪಾಯಿಗೂ ಮೇಲ್ಪಟ್ಟು ಮಾರಾಟವಾಗುತ್ತಿದ್ದ ಕೋಳಿಯನ್ನು 5-10 ರೂಪಾಯಿಗೆ ಕೇಳುವ ಸ್ಥಿತಿ ಬಂದಿತ್ತು. ಆ ದಿನಗಳಲ್ಲೇ ಕೋಲಾರ ಜಿಲ್ಲೆಯಿಂದಲೂ ಇಂಥದೇ ಸುದ್ದಿ ಬಂತು.

ಆ ದೃಶ್ಯವನ್ನು ನೋಡಿ ಅನೇಕರು ಸಾಕಣೆದಾರರನ್ನು ಶಪಿಸಿದರು. ಮೂಕ ಜೀವಿಗಳನ್ನು ಹೀಗೆ ಹೂಳುವುದು ತಪ್ಪು ಎಂಬುದರಲ್ಲಿ ಎರಡು ಮಾತಿಲ್ಲ. ಬೆಕ್ಕೊಂದನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದ ಮಹಿಳೆ ಶಿಕ್ಷೆಗೆ ಗುರಿಯಾದುದನ್ನು ಪ್ರವಾದಿ ಮುಹಮ್ಮದ್(ಸ)ರು ತಮ್ಮ ಅನುಯಾಯಿಗಳಿಗೆ ತಿಳಿಸಿ ಎಚ್ಚರಿಸಿದ್ದಾರೆ. ಆದರೆ ಶಪಿಸಿದವರು ಕೇಳದೇ ಬಿಟ್ಟ ಒಂದು ಪ್ರಶ್ನೆ ಇದೆ. ಮರಿ ಮಾರಿದವನಿಗೆ ಅದರ ಹಣ ಮೊದಲೇ ಸಂದಿತ್ತು. ಆಹಾರ, ಔಷಧ ಮಾರಿದವರಿಗೂ ಸಂದಿತ್ತು. ಸಾಲ ಕೊಟ್ಟವರ ಬಡ್ಡಿ ದಿನವೂ ಬೆಳೆಯುತ್ತಿತ್ತು. ಇಷ್ಟು ಜನ ಲಾಭ ಕಂಡ ಉದ್ಯಮದ ಸಂಪೂರ್ಣ ನಷ್ಟ ಕೊನೆಗೆ ಒಬ್ಬನೇ ವ್ಯಕ್ತಿಯ ತಲೆಯ ಮೇಲೆ ಬಿದ್ದದ್ದು ಹೇಗೆ?

ಘಟನೆ ನಡೆದು ವರ್ಷಗಳು ಉರುಳಿವೆ. ಪ್ರಶ್ನೆ ಹಾಗೆಯೇ ಉಳಿದಿದೆ. ನಿಡಸೋಸಿ, ಸಂಕೇಶ್ವರ, ಹುಕ್ಕೇರಿಯಿಂದ ಘಟಪ್ರಭೆಯ ದಂಡೆಯ ಗೋಕಾಕ, ಮೂಡಲಗಿಯವರೆಗಿನ ಈ ಸೀಮೆಯಲ್ಲಿ ಕಬ್ಬು ಮತ್ತು ಗೋವಿನಜೋಳವೇ ಮುಖ್ಯ ಬೆಳೆಗಳು. ಹೊಲ ಚಿಕ್ಕದಾಗಿದ್ದವನು, ಮಗನಿಗೆ ನೌಕರಿ ಸಿಗದವನು, ಪಟ್ಟಣದಲ್ಲಿ ಅಂಗಡಿ ಹಾಕಲು ಬಂಡವಾಳ ಸಾಲದವನು ಹೊಲದ ಅಂಚಿನಲ್ಲಿ ಒಂದು ಶೆಡ್ ಕಟ್ಟಿ ಬ್ರಾಯ್ಲರ್ ಕೋಳಿ ಸಾಕಲು ಮುಂದಾಗುತ್ತಾನೆ. ಮೇಲ್ನೋಟಕ್ಕೆ ಇದು ಸುಲಭದ ಲೆಕ್ಕ. ಮರಿ 35ರಿಂದ 42 ದಿನಗಳಲ್ಲಿ ಎರಡು ಕಿಲೋ ತೂಗುತ್ತದೆ. ವರ್ಷಕ್ಕೆ ಐದಾರು ಬ್ಯಾಚ್ ತೆಗೆಯಬಹುದು. ಆದರೆ ಈ ಲೆಕ್ಕದಲ್ಲಿ ಸಾಕಣೆದಾರನ ಕೈಯಲ್ಲಿರುವುದು ಅವನ ದುಡಿಮೆ ಮಾತ್ರ. ಉಳಿದುದೆಲ್ಲವೂ ಬೇರೆಯವರ ಕೈಯಲ್ಲಿದೆ.

ಮೊದಲು ಆಹಾರದ ವಿಷಯವನ್ನೇ ನೋಡೋಣ. ಕೋಳಿ ಸಾಕಣೆಯ ಒಟ್ಟು ಖರ್ಚಿನಲ್ಲಿ ಸುಮಾರು ಮೂರನೇ ಎರಡು ಪಾಲು ಆಹಾರಕ್ಕೇ ಹೋಗುತ್ತದೆ. ಆಹಾರವೆಂದರೆ ಮುಖ್ಯವಾಗಿ ಗೋವಿನಜೋಳ ಮತ್ತು ಸೋಯಾ ಹಿಂಡಿ. 2021ರಲ್ಲಿ ಸೋಯಾ ಹಿಂಡಿಯ ಬೆಲೆ ಎಷ್ಟು ಏರಿತೆಂದರೆ, ಕೇಂದ್ರ ಸರಕಾರವು 12 ಲಕ್ಷ ಟನ್ ಹಿಂಡಿಯ ಆಮದಿಗೆ ಅನುಮತಿ ನೀಡಬೇಕಾಯಿತು. 2023ರ ಡಿಸೆಂಬರ್‌ನಲ್ಲಿ ಕಬ್ಬಿನ ಹಾಲಿನಿಂದ ಎಥೆನಾಲ್ ತಯಾರಿಸುವುದಕ್ಕೆ ನಿರ್ಬಂಧ ಬಿದ್ದಾಗ ಕಾರ್ಖಾನೆಗಳ ಕಣ್ಣು ಗೋವಿನಜೋಳದ ಮೇಲೆ ಬಿತ್ತು. ಕೋಳಿಯ ಆಹಾರ ವಾಹನದ ಇಂಧನವಾಯಿತು, ಬೆಲೆ ಏರಿತು. 2025ರ ಕೊನೆಯಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿ. ಕ್ವಿಂಟಲಿಗೆ 2,400 ರೂಪಾಯಿ ಬೆಂಬಲ ಬೆಲೆ ಇದ್ದರೂ ಕರ್ನಾಟಕದ ಮಾರುಕಟ್ಟೆಗಳಲ್ಲಿ ಜೋಳ ಅದಕ್ಕಿಂತ ಬಹಳ ಕೆಳಗೆ ಮಾರಾಟವಾಗಿ ರೈತರು ಬೀದಿಗಿಳಿದರು. ಬೆಲೆ ಏರಿದಾಗ ಕೋಳಿಯವನಿಗೆ ಪೆಟ್ಟು, ಇಳಿದಾಗ ಬೆಳೆದವನಿಗೆ ಪೆಟ್ಟು. ಒಂದೇ ಮನೆಯಲ್ಲಿ ಜೋಳವನ್ನೂ ಬೆಳೆದು ಕೋಳಿಯನ್ನೂ ಸಾಕುವವರಿಗೆ ವರ್ಷಕ್ಕೊಂದು ಕಡೆಯಿಂದ ಪೆಟ್ಟು ತಪ್ಪಿದ್ದಲ್ಲ.

ಎರಡನೆಯದು ಹವಾಮಾನ ಮತ್ತು ರೋಗ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸಮೀಪಿಸಿತೆಂದರೆ ಮಾರಾಟಕ್ಕೆ ಸಿದ್ಧವಾದ ದಪ್ಪ ಕೋಳಿಗಳೇ ಮೊದಲು ಸಾಯುತ್ತವೆ. ಶೆಡ್ಡಿನ ಸುತ್ತ ಒದ್ದೆ ಗೋಣಿಚೀಲ ಕಟ್ಟಿ, ಫ್ಯಾನ್ ತಿರುಗಿಸಿ ರಾತ್ರಿಯಿಡೀ ಕಾದರೂ ವಿದ್ಯುತ್ ಕೈಕೊಟ್ಟ ಒಂದು ಗಳಿಗೆ ಸಾಕು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕವನ್ನು ಮುಳುಗಿಸಿದುದನ್ನು ಈ ಭಾಗದವರು ಮರೆತಿಲ್ಲ. ಕೊಕ್ಕರೆ ರೋಗ, ಗುಂಬೊರೊ ರೋಗಗಳಿಗೆ ಲಸಿಕೆಗಳಿವೆ. ಹಕ್ಕಿ ಜ್ವರದ ಮಾತು ಬೇರೆ. 2006ರಲ್ಲಿ ನೆರೆಯ ಮಹಾರಾಷ್ಟ್ರದ ನವಾಪುರದಲ್ಲಿ ಅದು ದೇಶದೊಳಗೆ ಮೊದಲ ಬಾರಿಗೆ ಕಾಣಿಸಿಕೊಂಡಾಗಲೂ, 2020ರಲ್ಲಿ ಮೈಸೂರು ಮತ್ತು ದಾವಣಗೆರೆ ಜಿಲ್ಲೆಗಳಲ್ಲಿ ಬಂದಾಗಲೂ, 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಪತ್ತೆಯಾದಾಗಲೂ ರೋಗ ತಲುಪದ ಊರುಗಳಿಗೆ ಭಯ ತಲುಪಿತು. ಸರಕಾರ ತಾನೇ ಕೊಲ್ಲಿಸಿದ ಕೋಳಿಗಳಿಗೆ ಪರಿಹಾರ ಕೊಡುತ್ತದೆ. ಅದಕ್ಕೆ ಮೊದಲೇ ಸತ್ತವುಗಳಿಗಿಲ್ಲ. ನೂರಾರು ಮೈಲಿ ದೂರದಲ್ಲಿ ಬೆಲೆ ಕುಸಿದು ಕಂಗೆಟ್ಟವನಿಗಂತೂ ಇಲ್ಲವೇ ಇಲ್ಲ.

ಮೂರನೆಯದು ಒಪ್ಪಂದದ ಸಾಕಣೆ. ಈ ಪದ್ಧತಿಯಲ್ಲಿ ಕಂಪೆನಿ ಮರಿ, ಆಹಾರ, ಔಷಧಗಳನ್ನು ಕೊಡುತ್ತದೆ. ಶೆಡ್, ನೀರು, ವಿದ್ಯುತ್, ಭತ್ತದ ಹೊಟ್ಟು, ಹಗಲಿರುಳಿನ ದುಡಿಮೆ ರೈತನದು. ಕೋಳಿ ಬೆಳೆದ ಮೇಲೆ ತೂಕದ ಲೆಕ್ಕದಲ್ಲಿ ಸಾಕಣೆ ಕೂಲಿ ಸಿಗುತ್ತದೆ. ನ್ಯಾಯವಾಗಿ ಹೇಳುವುದಾದರೆ ಇದರಲ್ಲಿ ಒಳಿತೂ ಇದೆ. ಮಾರುಕಟ್ಟೆಯ ಬೆಲೆ ಕುಸಿದರೆ ಆ ನಷ್ಟ ಕಂಪೆನಿಯದು. 2020ರಲ್ಲಿ ಸ್ವಂತ ಬಂಡವಾಳ ಹಾಕಿದವರಿಗಿಂತ ಒಪ್ಪಂದದವರು ಸ್ವಲ್ಪ ಸುರಕ್ಷಿತರಾಗಿದ್ದುದು ಇದೇ ಕಾರಣಕ್ಕೆ. ಆದರೆ ಬೆಲೆ ಬಿದ್ದಾಗ ಕಂಪೆನಿ ಮರಿ ಬಿಡುವುದನ್ನು ಮುಂದೂಡಿದರೆ ಶೆಡ್ ಖಾಲಿ ಉಳಿಯುತ್ತದೆ. ಶೆಡ್ ಕಟ್ಟಲು ತಂದ ಸಾಲದ ಕಂತಿಗೆ ರಜೆ ಇಲ್ಲ. ಸತ್ತ ಕೋಳಿಗಳ ಸಂಖ್ಯೆ, ತಿಂದ ಆಹಾರದ ತೂಕ ನಿಗದಿಗಿಂತ ಹೆಚ್ಚಾದರೆ ಕೂಲಿಯಲ್ಲಿ ಕಡಿತ. ಮರಿಯೇ ದುರ್ಬಲವಾಗಿತ್ತೋ, ಆಹಾರವೇ ಕಳಪೆಯಾಗಿತ್ತೋ ಎಂದು ಪರೀಕ್ಷಿಸುವ ಸ್ವತಂತ್ರ ವ್ಯವಸ್ಥೆ ರೈತನ ಕೈಗೆ ಎಟುಕುವಂತಿಲ್ಲ. ಕಂಪೆನಿ ಬೆಲೆಯ ನಷ್ಟವನ್ನು ಹೊತ್ತರೂ ಖಾಲಿ ಶೆಡ್ಡಿನ ನಷ್ಟವನ್ನು ರೈತನಿಗೇ ಬಿಟ್ಟಿದೆ.

ಇದೇ ಸೀಮೆಯ ಕಬ್ಬು ಬೆಳೆಗಾರರ ಸ್ಥಿತಿಯೊಂದಿಗೆ ಇದನ್ನು ಹೋಲಿಸಿ ನೋಡಿ. 2025ರ ಅಕ್ಟೋಬರ್ ಕೊನೆಯಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಧರಣಿ ಕುಳಿತರು. ದಿನಗಳೆದಂತೆ ಅದು ಇಡೀ ರಾಜ್ಯದ ಗಮನ ಸೆಳೆಯಿತು. ಕೊನೆಗೆ ಮುಖ್ಯಮಂತ್ರಿಯವರೇ ಸಭೆ ಕರೆದು ಟನ್ನಿಗೆ 3,300 ರೂಪಾಯಿ ದರ ಘೋಷಿಸಬೇಕಾಯಿತು. ಆ ದರ ಸಾಕೇ ಎಂಬುದು ಬೇರೆ ಚರ್ಚೆ. ಕಬ್ಬಿಗೆ ಕಾನೂನಿನ ದರವಿದೆ, ಸಂಘವಿದೆ, ಹೆದ್ದಾರಿಯಲ್ಲಿ ಕುಳಿತು ಕೇಳುವ ದನಿಯಿದೆ. ಅದೇ ಊರಿನ ಕೋಳಿ ಸಾಕಣೆದಾರನಿಗೆ ಇವು ಮೂರೂ ಇಲ್ಲ. ಶ್ರಾವಣ ಬಂತೆಂದರೆ ಬೇಡಿಕೆ ಇಳಿಯುತ್ತದೆ. ಆದರೆ ಬೆಳೆದ ಕೋಳಿಯನ್ನು ಶೆಡ್ಡಿನಲ್ಲಿ ತಡೆದು ಇಡುವಂತಿಲ್ಲ. ತಡೆದಷ್ಟು ದಿನವೂ ಅದು ತಿನ್ನುತ್ತಲೇ ಇರುತ್ತದೆ.

ಇಲ್ಲಿ ನಮ್ಮ ಸಮುದಾಯ ಆತ್ಮಾವಲೋಕನ ಮಾಡಿಕೊಳ್ಳಬೇಕಾಗಿದೆ. ಈ ಉದ್ಯಮದಲ್ಲಿ ನಾವು ದೂರದ ಪ್ರೇಕ್ಷಕರಲ್ಲ. ಪಟ್ಟಣಗಳ ಕೋಳಿ ಅಂಗಡಿಗಳಲ್ಲಿ ನಮ್ಮವರಿದ್ದಾರೆ. ಕೋಳಿ ಸಾಗಿಸುವ ವಾಹನಗಳ ಚಾಲಕರಲ್ಲಿ ನಮ್ಮವರಿದ್ದಾರೆ. ಶೆಡ್ ಕಟ್ಟಿ ಕೈಸುಟ್ಟುಕೊಂಡವರಲ್ಲಿ ಸರ್ವ ಸಮುದಾಯದವರೂ ಇದ್ದಾರೆ. 2020ರ ಫೆಬ್ರವರಿ-ಮಾರ್ಚ್‌ನಲ್ಲಿ ಕೋಳಿ ಮತ್ತು ಕೊರೋನಾದ ಸುಳ್ಳು ಸಂದೇಶವನ್ನು ನಮ್ಮ ಮೊಬೈಲ್‌ಗಳೂ ಮುಂದಕ್ಕೆ ರವಾನಿಸಿದವು. ಕೋಳಿಗೂ ಈ ರೋಗಕ್ಕೂ ಸಂಬಂಧವಿಲ್ಲವೆಂದು ಸರಕಾರ ಹೇಳಿದ್ದನ್ನು ಎಷ್ಟು ಮಂದಿ ರವಾನಿಸಿದೆವು? ಬಂದ ಸುದ್ದಿಯನ್ನು ಪರಿಶೀಲಿಸದೆ ವರ್ತಿಸಿ, ಅರಿಯದೆ ಯಾರಿಗೋ ಹಾನಿ ಮಾಡಿ, ಆಮೇಲೆ ಪಶ್ಚಾತ್ತಾಪ ಪಡುವಂತಾಗದಿರಲಿ ಎಂಬುದು ಸೂರಃ ಅಲ್‌ಹುಜುರಾತ್‌ನ ಸ್ಪಷ್ಟ ಬೋಧನೆ. ಅದು ನಮಗೆ ಬಾಯಿಪಾಠವಾಗಿದೆ. ಆಚರಣೆಯಲ್ಲಿ ನಾವು ಸೋತೆವು.

ಆ ಸೋಲಿನ ಫಲವನ್ನು ನಾವೇ ಉಣ್ಣಬೇಕಾಗಿ ಬಂದದ್ದು ಕೆಲವೇ ವಾರಗಳಲ್ಲಿ. ಏಪ್ರಿಲ್ ತಿಂಗಳಿನಲ್ಲಿ ಅದೇ ಮೊಬೈಲ್‌ಗಳಲ್ಲಿ, ಅದೇ ರೀತಿಯ ಸಂದೇಶಗಳು ಕೋಳಿಯ ಬದಲು ಮುಸ್ಲಿಮ್ ವ್ಯಾಪಾರಿಯನ್ನು ರೋಗದ ವಾಹಕನೆಂದು ಬಿಂಬಿಸಿದವು. 2022ರ ಯುಗಾದಿಯ ಹೊತ್ತಿಗೆ ಹಲಾಲ್ ಮಾಂಸದ ಬಹಿಷ್ಕಾರದ ಅಭಿಯಾನ ರಾಜ್ಯದಲ್ಲಿ ನಡೆಯಿತು. ಅಭಿಯಾನ ಮುಸ್ಲಿಮ್ ಅಂಗಡಿಯ ವಿರುದ್ಧವಿತ್ತು ನಿಜ. ಆದರೆ ಆ ಅಂಗಡಿಗೆ ಕೋಳಿ ಒದಗಿಸುವ ಶೆಡ್, ಆ ಕೋಳಿಗೆ ಜೋಳ ಬೆಳೆಯುವ ಹೊಲ ಯಾರದು? ಜೋಳ ಬೆಳೆಯುವ ಲಿಂಗಾಯತ ರೈತ, ಶೆಡ್ ನಡೆಸುವ ಕುರುಬ ಯುವಕ, ಅಂಗಡಿಯ ಮುಸ್ಲಿಮ್ ಒಂದೇ ಸರಪಣಿಯ ಕೊಂಡಿಗಳು. ದ್ವೇಷ ಒಂದು ಕೊಂಡಿಯನ್ನು ಮಾತ್ರ ಕಡಿಯಬಲ್ಲದೆಂದು ಭಾವಿಸುವವರಿಗೆ ಈ ಉದ್ಯಮದ ಅರಿವಿಲ್ಲ. ನಿಡಸೋಸಿಯ ದುರದುಂಡೀಶ್ವರ ಮಠದ ನೆರಳಿನಲ್ಲೂ ಹುಕ್ಕೇರಿಯ ಹಳೆಯ ಗುಮ್ಮಟಗಳ ನೆರಳಿನಲ್ಲೂ ಬಾಳಿದ ಜನರಿಗೆ ಈ ಪರಸ್ಪರ ಅವಲಂಬನೆಯನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಇನ್ನು ನಷ್ಟದ ಪ್ರಶ್ನೆಗೆ ಮರಳೋಣ. ಲಾಭದ ಹಕ್ಕು ಹೊಣೆ ಹೊತ್ತವನಿಗೆ ಎಂಬುದು ಇಸ್ಲಾಮೀ ವ್ಯಾಪಾರ ನೀತಿಯ ಮೂಲಸೂತ್ರ. ಮುಳಾರಬದಲ್ಲಿ ಒಬ್ಬನ ಬಂಡವಾಳ, ಇನ್ನೊಬ್ಬನ ದುಡಿಮೆ. ಲಾಭ ಬಂದರೆ ಮೊದಲೇ ನಿಗದಿಪಡಿಸಿದ ಪಾಲಿನಂತೆ ಹಂಚಿಕೆ. ದುಡಿದವನ ನಿರ್ಲಕ್ಷ್ಯವಿಲ್ಲದೆ ನಷ್ಟವಾದರೆ ಹಣದ ನಷ್ಟ ಬಂಡವಾಳದವನದು. ದುಡಿದವನಿಗೆ ಅವನ ಶ್ರಮವೇ ನಷ್ಟ. ಬಡ್ಡಿಯ ಸಾಲದಲ್ಲಾದರೋ ಕೋಳಿ ಸತ್ತರೂ ಬೆಲೆ ಸತ್ತರೂ ಹಣ ಕೊಟ್ಟವನ ಪಾಲು ಬೆಳೆಯುತ್ತಲೇ ಇರುತ್ತದೆ. ಗೋಕಾಕದ ಆ ಗುಂಡಿಯ ಬಳಿ ನಿಂತು ನೋಡಿದರೆ ಬಡ್ಡಿ ಏಕೆ ನಿಷಿದ್ಧ ಎಂಬುದಕ್ಕೆ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ. ಹೀಗಿದ್ದೂ ನಮ್ಮ ಪಟ್ಟಣಗಳ ಉಳ್ಳವರು ನಿವೇಶನ, ಚಿನ್ನಗಳ ಮೇಲೆ ಹಣ ತೊಡಗಿಸುತ್ತಾರೆಯೇ ಹೊರತು ಊರಿನ ಒಬ್ಬ ಪ್ರಾಮಾಣಿಕ ಯುವಕನ ಶೆಡ್ಡಿನಲ್ಲಿ ಪಾಲುದಾರರಾಗಲು ಮನಸ್ಸು ಮಾಡುವುದಿಲ್ಲ. ಬಡ್ಡಿಯ ವಿರುದ್ಧ ಖುತುಬಾ ಕೇಳಿ ಹೊರಬಂದ ಯುವಕನಿಗೆ ಮಸೀದಿಯ ಹೊರಗೆ ಸಾಲ ಸಿಗುವುದು ಬಡ್ಡಿಯವನ ಬಳಿ ಮಾತ್ರ. ಈ ವೈರುಧ್ಯಕ್ಕೆ ಯಾರು ಹೊಣೆ?

ಝಕಾತ್‌ನ ವಿಷಯವೂ ಇದೆ. ಮಾರಾಟಕ್ಕೆಂದು ಸಾಕಿದ ಕೋಳಿಗಳು ವ್ಯಾಪಾರದ ಸರಕಿನ ಲೆಕ್ಕಕ್ಕೆ ಬಂದು ಶೇಕಡಾ 2.5ರ ಝಕಾತ್‌ಗೆ ಒಳಪಡುತ್ತವೆ ಎಂಬುದನ್ನು ನಾವು ಹೇಳುತ್ತೇವೆ. ಸೂರಃ ಅತ್ತೌಬಃದಲ್ಲಿ ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳಲ್ಲಿ ಸಾಲದ ಹೊರೆಯಲ್ಲಿ ಸಿಲುಕಿದವರೂ ಸೇರಿದ್ದಾರೆ ಎಂಬುದನ್ನು ಅಷ್ಟೇ ಗಟ್ಟಿಯಾಗಿ ಹೇಳುವುದಿಲ್ಲ. ರೋಗದಿಂದಲೋ ವದಂತಿಯಿಂದಲೋ ಸಾಲಗಾರನಾದ ಸಾಕಣೆದಾರನನ್ನು ರಮಝಾನಿನ ಝಕಾತ್ ಪಟ್ಟಿಯಲ್ಲಿ ಎಷ್ಟು ಜಮಾಅತ್‌ಗಳು ಸೇರಿಸಿವೆ?

ನಷ್ಟದ ಭಯ ಇನ್ನೊಂದು ಕೆಡುಕನ್ನೂ ತರುತ್ತದೆ. ಸಾವು ತಪ್ಪಿಸಲು, ತೂಕ ಹೆಚ್ಚಿಸಲು ಆಹಾರದಲ್ಲಿ ಪ್ರತಿಜೀವಕ ಔಷಧಗಳನ್ನು ಬೆರೆಸುವ ಚಾಳಿ ಹಬ್ಬಿದೆ. ಮನುಷ್ಯರ ಚಿಕಿತ್ಸೆಯಲ್ಲಿ ಕಟ್ಟಕಡೆಯ ಆಸರೆಯಾದ ಕೊಲಿಸ್ಟಿನ್ ಔಷಧವನ್ನು ಪ್ರಾಣಿಗಳ ಆಹಾರಕ್ಕೆ ಬಳಸುವುದನ್ನು ಕೇಂದ್ರ ಸರಕಾರ 2019ರಲ್ಲಿ ನಿಷೇಧಿಸಬೇಕಾಯಿತು. ಕುರ್‌ಆನ್ ಹಲಾಲ್ ಎಂಬ ಪದದ ಜೊತೆಗೇ ತಯ್ಯಿಬ್ ಎಂಬ ಪದವನ್ನೂ ಬಳಸಿದೆ. ಕೊಯ್ಯುವ ಕ್ಷಣದ ಬಗ್ಗೆ ನಮಗಿರುವ ಕಾಳಜಿ ಕೋಳಿ ಬದುಕಿದ್ದ ನಲವತ್ತು ದಿನಗಳ ಬಗ್ಗೆಯೂ ಇರಬೇಡವೇ?

ಹಾಗಾದರೆ ದಾರಿ ಏನು? ದೂರ ಹುಡುಕಬೇಕಾಗಿಲ್ಲ. ನಿಡಸೋಸಿ ಸೇರಿರುವ ಹುಕ್ಕೇರಿ ತಾಲೂಕಿನಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವಿದೆ. ರಾಜ್ಯದಲ್ಲಿ ಜನರೇ ಸದಸ್ಯರಾಗಿ ವಿದ್ಯುತ್ ವಿತರಿಸುವ ಇಂತಹ ಸಂಘ ಬೇರೊಂದಿಲ್ಲ. ಅದಕ್ಕೂ ರಾಜಕೀಯದ ಕಾವು ತಟ್ಟಿದೆ. ಆದರೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಾಳಿದೆ. ವಿದ್ಯುತ್ತನ್ನೇ ಕೂಡಿ ನಡೆಸಿದ ಜನರಿಗೆ ಇಪ್ಪತ್ತು-ಮೂವತ್ತು ಶೆಡ್‌ಗಳ ಒಂದು ಸಂಘ ಕಟ್ಟುವುದು ಅಸಾಧ್ಯವೇ? ಸಂಘವಿದ್ದರೆ ಸುಗ್ಗಿಯಲ್ಲಿ ಊರಿನ ಜೋಳವನ್ನೇ ನ್ಯಾಯದ ಬೆಲೆಗೆ ಕೊಳ್ಳಬಹುದು. ಪ್ರತಿ ಬ್ಯಾಚಿನ ಲಾಭದಿಂದ ಇಷ್ಟೆಂದು ಆಪತ್ತಿನ ನಿಧಿಗೆ ತೆಗೆದಿಡಬಹುದು. ಕಂಪೆನಿಯೊಂದಿಗೆ ಒಪ್ಪಂದವಾಗುವಾಗ ಕನ್ನಡದಲ್ಲಿ ಬರೆದ ಪ್ರತಿಯನ್ನೂ, ಶೆಡ್ ಖಾಲಿ ಇಟ್ಟ ದಿನಗಳಿಗೆ ಪರಿಹಾರವನ್ನೂ ಕೇಳಬಹುದು. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ತಳಿಯಂತಹ ಕೋಳಿಗಳನ್ನು ಕಡಿಮೆ ಖರ್ಚಿನಲ್ಲಿ ಹಿತ್ತಲಲ್ಲೇ ಸಾಕಬಹುದಾದುದರಿಂದ ಮನೆಯ ಹೆಣ್ಣುಮಕ್ಕಳಿಗೂ ಆದಾಯದ ದಾರಿಯಾದೀತು.

ಸರಕಾರದ ಹೊಣೆಯೂ ಇದೆ. ವದಂತಿಯಿಂದ ಬೆಲೆ ಕುಸಿದಾಗ ಪರಿಹಾರ ಕೊಡುವ ನಿಯಮ, ಒಪ್ಪಂದದ ಸಾಕಣೆಗೆ ಕನಿಷ್ಠ ಕೂಲಿಯ ಕಾನೂನು, ತಾಲೂಕು ಮಟ್ಟದಲ್ಲಿ ಆಹಾರ ಮತ್ತು ರೋಗ ಪರೀಕ್ಷೆಯ ವ್ಯವಸ್ಥೆ, ಈ ಮೂರನ್ನು ಜನಪ್ರತಿನಿಧಿಗಳ ಮುಂದಿಡಬೇಕು. ಇದನ್ನು ಕೇಳುವಾಗ ಗುರ್ಲಾಪುರದಲ್ಲಿ ಕುಳಿತ ಕಬ್ಬು ಬೆಳೆಗಾರರ ಪಕ್ಕದಲ್ಲಿ ನಮ್ಮ ಅಂಜುಮನ್‌ಗಳೂ ಕೋಳಿ ಅಂಗಡಿಯವರೂ ಕುಳಿತರೆ ದನಿಗೆ ಬಲ ಬರುತ್ತದೆ.

ಸರಕಾರ ಕೇಳಲಿ, ಕೇಳದಿರಲಿ. ನಮ್ಮ ಕೈಯಲ್ಲಿರುವುದನ್ನು ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ. ಮುಂದಿನ ವದಂತಿ ಬರುವುದು ನಿಶ್ಚಿತ. ಆಗ ಅದನ್ನು ರವಾನಿಸುವ ಮುನ್ನ ಬೆರಳು ತಡೆಯುವವರು, ನಷ್ಟವಾದವನ ಮನೆಗೆ ಸಾಲಗಾರನಿಗಿಂತ ಮೊದಲು ತಲುಪುವವರು, ಲಾಭದಲ್ಲಿ ಪಾಲು ಕೇಳುವ ಮುನ್ನ ನಷ್ಟದಲ್ಲಿ ಪಾಲು ಒಪ್ಪಿಕೊಳ್ಳುವವರು ಪ್ರತಿ ಪಟ್ಟಣದಲ್ಲಿ ಹತ್ತು ಮಂದಿ ಸಿದ್ಧರಾದರೆ ಗೋಕಾಕದಲ್ಲಿ ತೋಡಿದಂತಹ ಗುಂಡಿಯನ್ನು ಮತ್ತೊಮ್ಮೆ ತೋಡಬೇಕಾದ ಪ್ರಸಂಗ ಬಾರದು. ಆ ಹತ್ತು ಮಂದಿ ಯಾರೆಂದು ಪ್ರತಿ ಜಮಾಅತ್ ಈ ಶುಕ್ರವಾರವೇ ಕೇಳಿಕೊಳ್ಳಲಿ.