ಮನೆವಾರ್ತೆ: ಕಾಣದ ಒಲೆಗೂ ಕಾವಲು ಬೇಕು



ಈ ಸಲ ಬಂದ ಕಾಗದಗಳಲ್ಲಿ ಒಂದು ನನ್ನ ಮನಸ್ಸನ್ನು ಬಹಳ ಹಿಂದಕ್ಕೆ ಕರೆದೊಯ್ದಿತು. ತಿಪಟೂರಿನ ಕಡೆಯ ಓದುಗರೊಬ್ಬರು ಹೀಗೆ ಬರೆದಿದ್ದಾರೆ: "ಮಗಳ ಬಾಣಂತನಕ್ಕೆ ಡಿಸೆಂಬರಿನಲ್ಲಿ ಅಮೆರಿಕಕ್ಕೆ ಹೊರಟಿದ್ದೇನೆ. ಅಂಟಿನುಂಡೆ, ಮೆಂತ್ಯದ ಹಿಟ್ಟು ಎಲ್ಲ ತಯಾರಾಗಿದೆ. ಆದರೆ ಅವರ ಮನೆಯಲ್ಲಿ ಎಣ್ಣೆಯಿಂದ ಉರಿಯುವ ಬಾಯ್ಲರ್ ಇದೆಯಂತೆ. ಅಳಿಯಂದಿರು ಕೆಲಸಕ್ಕೆ ಹೋದಾಗ ಅದು ನಿಂತುಹೋದರೆ ನಾನೇನು ಮಾಡಲಿ?"

ಇದೇನು ನಗುವ ಪ್ರಶ್ನೆಯಲ್ಲ. ನಮ್ಮ ಸಣ್ಣ ಊರುಗಳಿಂದಲೂ ಎಷ್ಟೋ ತಾಯಂದಿರು ಈಗ ಹೀಗೆ ಹೋಗಿಬರುತ್ತಾರೆ. ಬೋಸ್ಟನ್ ಇರುವ ಮ್ಯಾಸಚೂಸೆಟ್ಸ್, ಕನೆಕ್ಟಿಕಟ್, ಮೇಯ್ನ್ ಮುಂತಾದ ಈಶಾನ್ಯದ ರಾಜ್ಯಗಳಲ್ಲಿ ಎಣ್ಣೆಯ ಬಾಯ್ಲರ್ ತೀರಾ ಸಾಮಾನ್ಯ. ಮೇಯ್ನ್‌ನಲ್ಲಂತೂ ಸುಮಾರು ಅರ್ಧದಷ್ಟು ಮನೆಗಳನ್ನು ಬೆಚ್ಚಗಿಡುವುದು ಎಣ್ಣೆಯೇ. ಚಳಿಗಾಲದಲ್ಲಿ ಅಲ್ಲಿ ರಾತ್ರಿಯ ಉಷ್ಣತೆ ಸೊನ್ನೆಗಿಂತ 10–15 ಡಿಗ್ರಿ ಕೆಳಗಿಳಿಯುವುದುಂಟು. ಮನೆಯಲ್ಲಿ ಹಸುಗೂಸು ಇರುವಾಗ ಬಾಯ್ಲರ್ ನಿಂತರೆ ಯಾರಿಗೆ ತಾನೇ ಎದೆ ಧಸಕ್ಕೆನ್ನುವುದಿಲ್ಲ?

ಹೆದರಬೇಡಿ. ಬಚ್ಚಲೊಲೆಗೆ ಸೌದೆ ಒಟ್ಟಿ ಹಂಡೆ ಕಾಯಿಸಿದ ನಮಗೆ ಇದು ಅರ್ಥವಾಗದ ವಸ್ತುವೇನಲ್ಲ. ಸೌದೆಯ ಬದಲು ಎಣ್ಣೆ, ಬಚ್ಚಲಿನ ಬದಲು ನೆಲಮಾಳಿಗೆ, ಅಷ್ಟೆ. ಡೀಸೆಲ್‌ನ ಒಡಹುಟ್ಟಿನಂಥ ಆ ಎಣ್ಣೆಗೆ ಅಲ್ಲಿ ಕೆಂಪು ಬಣ್ಣ ಬೆರೆಸಿರುತ್ತಾರೆ. ಅದನ್ನು ತುಂಬಿಡುವ ಕಬ್ಬಿಣದ ಟ್ಯಾಂಕು ಸಾಮಾನ್ಯವಾಗಿ 275 ಗ್ಯಾಲನ್, ಅಂದರೆ ಸುಮಾರು 1,040 ಲೀಟರಿನದು. ಅಲ್ಲಿಂದ ಬಂದ ಎಣ್ಣೆಯನ್ನು ಒಂದು ಪುಟ್ಟ ಪಂಪು ಸಣ್ಣ ತೂತಿನ ಮೂಲಕ ಮಂಜಿನಂತೆ ಚಿಮ್ಮಿಸುತ್ತದೆ. ವಿದ್ಯುತ್ತಿನ ಕಿಡಿ ಅದನ್ನು ಹೊತ್ತಿಸುತ್ತದೆ. ಕಾದ ನೀರು ಕೊಳವೆಗಳಲ್ಲಿ ಹರಿದು ಕೋಣೆಗಳನ್ನು ಬೆಚ್ಚಗಿಡುತ್ತದೆ. ಸ್ನಾನದ ನೀರೂ ಇದರ ಶಾಖದಿಂದಲೇ ಕಾಯುತ್ತದೆ. ಹೊಗೆ ಚಿಮಣಿಯಿಂದ ಹೊರಗೆ ಹೋಗುತ್ತದೆ.

ಎಣ್ಣೆ ಚಿಮ್ಮಿದರೂ ಬೆಂಕಿ ಹೊತ್ತದಿದ್ದರೆ? ಉರಿಯನ್ನು ನೋಡಲೆಂದೇ ಅದರೊಳಗೊಂದು ಕಣ್ಣಿದೆ. ಕೆಲವೇ ಸೆಕೆಂಡುಗಳಲ್ಲಿ ಆ ಕಣ್ಣಿಗೆ ಉರಿ ಕಾಣದಿದ್ದರೆ ಯಂತ್ರ ತಾನಾಗಿಯೇ ನಿಂತುಬಿಡುತ್ತದೆ. ಮತ್ತೆ ನಡೆಸಲು ಒಂದು ಕೆಂಪು ಗುಂಡಿ ಒತ್ತಬೇಕು. ನಾನು ತಪ್ಪು ಮಾಡಿದ್ದು ಇಲ್ಲಿಯೇ.

ಮಗಳು ಬಾಣಂತಿ, ಮಗುವಿಗೆ ಇಪ್ಪತ್ತು ದಿನ. ಅಳಿಯ ಕೆಲಸಕ್ಕೆ ಹೋಗಿದ್ದರು. ಮಧ್ಯಾಹ್ನದ ಹೊತ್ತಿಗೆ ಮನೆ ತಣ್ಣಗಾಗತೊಡಗಿತು. ಮಲಗಿದವಳನ್ನು ಎಬ್ಬಿಸುವುದು ಬೇಡವೆಂದು ನಾನೇ ಕೆಳಗಿಳಿದು ಕೆಂಪು ಗುಂಡಿ ಒತ್ತಿದೆ. ಗುರ್ರೆಂದು ಸದ್ದು ಮಾಡಿ ನಿಂತಿತು. ಇನ್ನೊಮ್ಮೆ ಒತ್ತಿದೆ, ಮತ್ತೆ ನಿಂತಿತು. ಮೂರನೆಯ ಸಲ ಕೈ ಚಾಚಿದ್ದೆ, ಮೆಟ್ಟಿಲ ಮೇಲಿನಿಂದ ಮಗಳು ಕೂಗಿದಳು, "ಅಮ್ಮಾ, ಮುಟ್ಟಬೇಡ!"

ರಿಪೇರಿಯವರು ಬಂದು ತೆರೆದು ತೋರಿಸಿದಾಗ ಒಳಗೆಲ್ಲ ಎಣ್ಣೆಯ ಪಸೆ, ಮೂಗಿಗೆ ಹೊಡೆಯುವ ವಾಸನೆ. ಕಾರಣ ಇಷ್ಟೇ: ಗುಂಡಿ ಒತ್ತಿದಷ್ಟು ಸಲವೂ ಉರಿಯದ ಎಣ್ಣೆ ಒಳಗೆ ಸೇರುತ್ತದೆ. ಆಮೇಲೆ ಯಾವಾಗಲೋ ಕಿಡಿ ಹತ್ತಿದರೆ ಅಷ್ಟೂ ಎಣ್ಣೆ ಒಟ್ಟಿಗೇ ಭುಗಿಲೆನ್ನುತ್ತದೆ. ಮನೆಯೆಲ್ಲ ಮಸಿ ತುಂಬುವುದಿರಲಿ, ಬೆಂಕಿಯ ಅನಾಹುತವೂ ಆದೀತು. ಆ ದಿನದ ದೋಷ ಬರೀ ಕಸ ಕಟ್ಟಿದ ಫಿಲ್ಟರು! ಅವಸರ ಮಾತ್ರ ನನ್ನದು.

ಆದ್ದರಿಂದ ಸೋದರಿಯರೇ, ಬಾಯ್ಲರ್ ನಿಂತರೆ ಮೊದಲು ಮೂರು ವಿಷಯ ನೋಡಿ. ಒಂದು, ಗೋಡೆಯ ಮೇಲಿನ ಥರ್ಮೋಸ್ಟಾಟನ್ನು ಯಾರಾದರೂ ಇಳಿಸಿದ್ದಾರೆಯೇ? ಎರಡು, ಬಾಯ್ಲರಿನ ಸ್ವಿಚ್ಚು ಹಾಕಿದೆಯೇ? ಇದು ಹೆಚ್ಚಾಗಿ ನೆಲಮಾಳಿಗೆಯ ಮೆಟ್ಟಿಲ ಬಳಿ ಕೆಂಪು ಫಲಕದಲ್ಲಿರುತ್ತದೆ. ದೀಪದ ಸ್ವಿಚ್ಚೆಂದು ತಿಳಿದು ಆರಿಸಿಬಿಡುವುದು ಸಾಮಾನ್ಯ. ಮೂರು, ಟ್ಯಾಂಕಿನಲ್ಲಿ ಎಣ್ಣೆ ಇದೆಯೇ? ಇವೆಲ್ಲ ಸರಿಯಿದ್ದರೆ ಕೆಂಪು ಗುಂಡಿಯನ್ನು ಒಂದು ಸಲ, ಒಂದೇ ಒಂದು ಸಲ ಒತ್ತಿ. ಹತ್ತದಿದ್ದರೆ ಅಥವಾ ಹತ್ತಿ ಮತ್ತೆ ನಿಂತರೆ ಸ್ವಿಚ್ಚು ಆರಿಸಿ ರಿಪೇರಿಯವರಿಗೆ ಫೋನ್ ಮಾಡಿಸಿ. ಅವರು ಬರುವವರೆಗೆ ಮಗುವಿಗೆ ಟೋಪಿ, ಕಾಲುಚೀಲ ಹಾಕಿ ಎದೆಗಪ್ಪಿಕೊಳ್ಳಿ. ನಲ್ಲಿಯನ್ನು ಹನಿಹನಿಯಾಗಿ ಬಿಟ್ಟಿರಿ. ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ, ಕೊಳವೆ ಸೀಳುತ್ತದೆ. ಊರಿಗೆ ಹೋಗುವಾಗಲೂ ಥರ್ಮೋಸ್ಟಾಟನ್ನು 55 ಡಿಗ್ರಿ ಫ್ಯಾರನ್‌ಹೀಟಿಗಿಂತ, ಅಂದರೆ ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಸದಿರುವುದು ಇದಕ್ಕಾಗಿಯೇ.

ಎಣ್ಣೆ ಪೂರ್ತಿ ಮುಗಿಯಲು ಬಿಡಬೇಡಿ. ಮುಗಿದರೆ ಕೊಳವೆಯಲ್ಲಿ ಗಾಳಿ ಸೇರಿಕೊಂಡು, ಹೊಸ ಎಣ್ಣೆ ಹೊಯ್ದರೂ ಬಾಯ್ಲರ್ ಹತ್ತುವುದಿಲ್ಲ. ತಳದ ರಾಡಿಯೂ ಫಿಲ್ಟರಿಗೆ ಸಿಕ್ಕಿಕೊಳ್ಳುತ್ತದೆ. ಟ್ಯಾಂಕಿನ ತಲೆಯ ಮೇಲೆ ಮಟ್ಟ ತೋರಿಸುವ ಪುಟ್ಟ ಬೆಂಡು ಇರುತ್ತದೆ. ಕಾಲುಭಾಗಕ್ಕಿಳಿಯುವ ಮೊದಲೇ ಎಣ್ಣೆ ತರಿಸಲು ಹೇಳಿ. ತುಂಬಿಸುವಾಗ ಟ್ಯಾಂಕಿನ ಗಾಳಿ ಸೀಟಿ ಹೊಡೆಯುತ್ತಾ ಹೊರಬರುತ್ತದೆ. ಸೀಟಿ ನಿಂತಿತೆಂದರೆ ಟ್ಯಾಂಕು ತುಂಬಿತೆಂದು ಅರ್ಥ. ನಮ್ಮ ಕುಕ್ಕರಿನ ಸೀಟಿಯಂತೆ ಇದೂ ಉಪಕಾರಿಯೇ!

ಇನ್ನು ಸ್ನಾನದ ಮಾತು. ಬಾಣಂತಿಗೆ ಹಬೆಯಾಡುವ ನೀರು ಹೊಯ್ಯುವುದು ನಮ್ಮ ರೂಢಿ. ಅಲ್ಲಿ ನಲ್ಲಿಗೆ ಬರುವ ಬಿಸಿನೀರನ್ನು 120 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 49 ಡಿಗ್ರಿ ಸೆಲ್ಸಿಯಸ್‌ಗೆ ಮಿತಿಗೊಳಿಸುವುದು ಕ್ಷೇಮ. "ಇಷ್ಟು ಸಾಲದು ಕಣೋ" ಎಂದು ಹೆಚ್ಚಿಸಲು ಹೇಳಬೇಡಿ. 60 ಡಿಗ್ರಿ ಸೆಲ್ಸಿಯಸ್ ನೀರು ದೊಡ್ಡವರ ಚರ್ಮವನ್ನೇ ಸುಮಾರು ಐದು ಸೆಕೆಂಡಿನಲ್ಲಿ ಸುಡುತ್ತದೆ, ಕೂಸಿನ ಚರ್ಮದ ಪಾಡೇನು? ಮಗುವಿಗೆ 37–38 ಡಿಗ್ರಿ ಸಾಕು. ತೊಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬಿಟ್ಟು, ಚೆನ್ನಾಗಿ ಕಲಕಿ ಮೊಣಕೈ ಅದ್ದಿ ನೋಡಿ. ನಮ್ಮ ಅಜ್ಜಿಯರ ಈ ಥರ್ಮಾಮೀಟರ್ ಅಲ್ಲಿಯೂ ಕೆಡುವುದಿಲ್ಲ.

ಕೊನೆಗೆ ಎಲ್ಲಕ್ಕಿಂತ ಮುಖ್ಯವಾದ ಮಾತು. ಯಾವ ಬೆಂಕಿಗೇ ಆಗಲಿ ಗಾಳಿ ಸಾಲದಿದ್ದರೆ, ಹೊಗೆಯ ದಾರಿ ಕಟ್ಟಿದರೆ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟಿ ಮನೆಯೊಳಗೆ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು ಬಂದು ನಿದ್ದೆಯಲ್ಲೇ ಪ್ರಾಣ ಹೋಗಬಹುದು. 2005ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್‌ನ ಪ್ಲಿಮತ್‌ನಲ್ಲಿ, ಮನೆ ಕಾಯಿಸುವ ಯಂತ್ರದ ಹೊಗೆಕಿಂಡಿಯನ್ನು ಹಿಮ ಮುಚ್ಚಿದ್ದರಿಂದ 7 ವರ್ಷದ ಬಾಲಕಿಯೊಬ್ಬಳು ತೀರಿಕೊಂಡಳು. ಆ ರಾಜ್ಯದ ಮನೆಗಳಲ್ಲಿ ಈ ಅನಿಲದ ಎಚ್ಚರಿಕೆ ಗಂಟೆ ಇರಲೇಬೇಕೆಂಬ ಕಾನೂನಿಗೆ ಅವಳ ಹೆಸರನ್ನೇ ಇಟ್ಟಿದ್ದಾರೆ. 2006ರಿಂದ ಅದು ಜಾರಿಯಲ್ಲಿದೆ.

ಹೋದ ದಿನವೇ ಆ ಗಂಟೆ ಎಲ್ಲಿದೆ, ಹೇಗೆ ಕೂಗುತ್ತದೆ ಎಂದು ಕೇಳಿ ತಿಳಿಯಿರಿ. ಅದು ಕೂಗಿದರೆ ಕಾರಣ ಹುಡುಕುತ್ತಾ ಕೂರಬೇಡಿ. ಬಾಣಂತಿ, ಮಗುವಿನೊಡನೆ ಚಳಿಯಾದರೂ ಸರಿ ಹೊರಗೆ ಬಂದು 911ಕ್ಕೆ ಫೋನ್ ಮಾಡಿ. ಹಿಮ ಬಿದ್ದಾಗಲೆಲ್ಲ ಹೊರಗಿನ ಹೊಗೆಕಿಂಡಿಯ ಸುತ್ತ ಬಿಡಿಸಿದ್ದಾರೆಯೇ ಎಂದು ಅಳಿಯಂದಿರನ್ನು ಕೇಳಿ. ವರ್ಷಕ್ಕೊಮ್ಮೆ ಬಾಯ್ಲರಿನ ಮಸಿ ತೆಗೆಸಿ ಫಿಲ್ಟರು ಬದಲಾಯಿಸಿದ್ದಾರೆಯೇ ಎಂದೂ ವಿಚಾರಿಸಿ. ಅತ್ತೆ ಇದನ್ನು ಕೇಳಿದರೆ ತಪ್ಪೇನಿಲ್ಲ!

ಮಗುವಿಗೆ ಸಾಂಬ್ರಾಣಿ ಹಿಡಿಯಲೆಂದು ಅಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಮಾತ್ರ ಖಂಡಿತ ಹಚ್ಚಬೇಡಿ. ನಮ್ಮ ಹಂಚಿನ ಮನೆಗಳಲ್ಲಿ ಹೊಗೆ ಸಂದಿಯಿಂದ ಹೊರಟುಹೋಗುತ್ತಿತ್ತು. ಚಳಿಗೆ ಬಿಗಿಯಾಗಿ ಮುಚ್ಚಿದ ಆ ಮನೆಗಳಲ್ಲಿ ಅದೇ ವಿಷವಾದೀತು. ಊರಲ್ಲೇ ಇರುವವರೂ ಕೇಳಿ, ಕಿಟಕಿಯಿಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಸಿ ಬಾಗಿಲು ಹಾಕಿಕೊಂಡು ಸ್ನಾನ ಮಾಡುವುದೂ ಇಷ್ಟೇ ಅಪಾಯ.

ಬಚ್ಚಲೊಲೆಯ ಮುಂದೆ ಕೂತಾಗ ಉರಿ ನಮ್ಮ ಕಣ್ಣೆದುರಿಗೇ ಇರುತ್ತಿತ್ತು, ಎಚ್ಚರ ತಾನಾಗಿ ಬರುತ್ತಿತ್ತು. ಪೆಟ್ಟಿಗೆಯೊಳಗಿನ ಬೆಂಕಿಗೆ ಆ ಎಚ್ಚರವನ್ನು ನಾವೇ ತಂದುಕೊಳ್ಳಬೇಕು. ತಿಪಟೂರಿನ ಸೋದರಿ, ಧೈರ್ಯವಾಗಿ ಹೋಗಿಬನ್ನಿ. ಕೆಂಪು ಗುಂಡಿ ಒಂದೇ ಸಲ, ನೆನಪಿರಲಿ. ಮೊಮ್ಮಗುವಿಗೆ ನಮ್ಮೆಲ್ಲರ ಆಶೀರ್ವಾದ ತಿಳಿಸಿ.